ನಿಮ್ಮಮ್ಮನ ಗಿಟಾರಿಗೆ ಹೊಸ ತಂತಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬಾರದ್ದಕ್ಕೆ ನೀನು ಮುಖ ಊದಿಸಿಕೊಂಡಿರುತ್ತೀಯ ಅಂತ ಗೊತ್ತು. ನಿಮ್ಮಪ್ಪ ದಿನಕ್ಕೊಂದು ಸಲ "ಬರೆದ್ಯಾ?" ಅಂತ ಕೇಳಿ ಕೇಳಿ ಸಾಕಾಗಿ, ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಬರೆಯಲು ಕೂತಾಗಲೆಲ್ಲ ಕೆಲಸ ಅರ್ಧದಲ್ಲಿರುತ್ತಿತ್ತು. ಹೊಲಿಗೆ ಮುಗಿಯದ ಪುಸ್ತಕವನ್ನು ಗಿರಾಕಿಯ ಕೈಗೆ ಕೊಟ್ಟವಳಲ್ಲ ನಾನು. ಅರ್ಧ ಸುದ್ದಿ ಬರೆಯುವುದಕ್ಕೂ ಮನಸ್ಸು ಒಪ್ಪಲಿಲ್ಲ. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ಕನ್ನಡಕ ನಿಮ್ಮಪ್ಪನಿಗೆ ಎಷ್ಟು ಚೆನ್ನಾಗಿ ಕೂತಿದೆಯೆಂದರೆ, ಇಷ್ಟು ವರ್ಷ ಕಾಣದಿದ್ದ ನನ್ನ ತಪ್ಪುಗಳೆಲ್ಲ ಈಗ ಅವರಿಗೆ ಕಾಣುತ್ತಿವೆ. ಮೊನ್ನೆ ಸಾರಿನಲ್ಲಿ ಸಾಸಿವೆ ಎಣಿಸುತ್ತಿದ್ದರು. ಪಂಪ್‌ಹೌಸಿನ ಕೆಲಸ ಬಿಟ್ಟು ಆರು ವರ್ಷವಾದರೂ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ತಮ್ಮದೇ ತಪ್ಪೆಂಬಂತೆ ಚಡಪಡಿಸುತ್ತಾರೆ. ನನ್ನ ಬೈಂಡಿಂಗ್ ಅಂಗಡಿಗೆ ಗ್ರಂಥಾಲಯದಿಂದ ಹಳೆಯ ನಕ್ಷೆ ಪುಸ್ತಕಗಳ ದೊಡ್ಡ ಗಂಟು ಬಂದಿದೆ. ಒಂದೊಂದನ್ನೂ ಎತ್ತಿಡುವಷ್ಟರಲ್ಲಿ ಸೊಂಟ ಮಾತಾಡುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಬರೆದಿದ್ದೆ: "ಚಿಕ್ಕಮ್ಮ, ಬೀರು ಮೇಲಿರೋ ಗಿಟಾರ್ ಯಾರಿಗಾದ್ರೂ ಕೊಟ್ಬಿಡಿ. ಅಮ್ಮ ಅದನ್ನ ನುಡಿಸ್ತಿದ್ದಿದ್ದು ನನಗೆ ಒಂಚೂರೂ ನೆನಪಿಲ್ಲ. ನೆನಪಿಲ್ಲದ ಸಾಮಾನನ್ನ ಇಟ್ಕೊಂಡು ಏನ್ಮಾಡ್ಲಿ?"

ನಿನ್ನ ಮಾತಿನಂತೆ ಕೊಡುವುದಕ್ಕೇ ಕೆಳಗಿಳಿಸಿದೆ. ಪೆಟ್ಟಿಗೆಯ ಮೇಲೆ ಬೆರಳುದ್ದ ಧೂಳು. ಒಳಗೆ ಮಾತ್ರ ಜೇನಿನ ಬಣ್ಣದ ಮರ ಹಾಗೇ ಮಿನುಗುತ್ತಿತ್ತು. ತಂತಿ ಒಂದೂ ಇರಲಿಲ್ಲ. ತಂತಿಯಿಲ್ಲದ ವಾದ್ಯವನ್ನು ಹೇಗೆ ಕೊಡುವುದು ಅಂತ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ವಾದ್ಯ ರಿಪೇರಿ ಮಾಡುವ ಮುದುಕರ ಹತ್ತಿರ ತೆಗೆದುಕೊಂಡು ಹೋದೆ. ಬೀದಿಯವರೆಲ್ಲ ಅವರನ್ನು ತಾತ ಅನ್ನುತ್ತಾರೆ. ನನಗೇ ಐವತ್ತೆಂಟು, ಆದರೂ ಅವರೆದುರು ನನ್ನ ಬಾಯಲ್ಲೂ ತಾತ ಅಂತಲೇ ಬಂತು.

ತಾತ ಒಂದರ ಮೇಲೊಂದು ಎರಡು ಕನ್ನಡಕ ಹಾಕಿಕೊಳ್ಳುತ್ತಾರೆ. ನೀನು ನೋಡಿದ್ದರೆ ಕೂರಿಸಿ ಬೈಯುತ್ತಿದ್ದೆ. ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ವೈದ್ಯರು ಬೆನ್ನು ತಟ್ಟಿ ನೋಡುವಂತೆ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಒಳಗೆ ಅಂಟಿಸಿದ ಚೀಟಿ ಓದಿ, "ಅರವತ್ತು ವರ್ಷ ಆಗಿದೆ ತಾಯಿ ಇದಕ್ಕೆ. ಮಾಡಿದೋನು ಕೆಲಸ ಗೊತ್ತಿದ್ದೋನು" ಅಂದರು. ಆಮೇಲೆ, "ತೆಳು ಕಾಗದ ಇದೆಯಾ?" ಅಂತ ಕೇಳಿದರು. ನನ್ನ ಚೀಲದಲ್ಲಿ ಕಾಗದವಿಲ್ಲದ ದಿನ ಯಾವುದು? ಪುಟ ಹರಿದಲ್ಲಿ ಅಂಟಿಸುವ ತೆಳು ಕಾಗದದ ತುಂಡೊಂದನ್ನು ಕೊಟ್ಟೆ. ತಂತಿ ಕಟ್ಟುವ ಮರದ ಪಟ್ಟಿಯ ಕೆಳಗೆ ಅದನ್ನು ನೂಕಿ ನೋಡಿದರು. ಕಾಗದ ಉಗುರಿನಷ್ಟು ಒಳಗೆ ಹೋಯಿತು. "ಹಿಂದುಗಡೆ ಬಿಟ್ಕೊಂಡಿದೆ. ಹೀಗೇ ತಂತಿ ಎಳೆದಿದ್ರೆ ಕಿತ್ಕೊಂಡು ಬರ್ತಿತ್ತು."

ಬಿಸಿ ಅಂಟು ಹಾಕಿ, ಬಿಗಿದು, ನಾಲ್ಕು ದಿನ ಬಿಡಬೇಕೆಂದರು. ಅಂಟಿನ ವಿಷಯದಲ್ಲಿ ನಾನೂ ಬಾಯಿ ಹಾಕಿದೆ. ಇಬ್ಬರೂ ಅಂಟಿನವರೇ ಆದ್ದರಿಂದ ಮಾತು ಬೆಳೆದು, ನಾನು ವಾರಕ್ಕೆರಡು ಸಲ ಅಲ್ಲಿಗೆ ಹೋಗತೊಡಗಿದೆ.

ಒಂದು ದಿನ ತಾತ ನನ್ನನ್ನು ಕಿಟಕಿಯ ಬಳಿ ಕರೆದರು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿವೆಯಲ್ಲ, ಬೆರಳು ಒತ್ತುವ ಜಾಗ, ಅವನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಮೊದಲ ಮೂರು ಪಟ್ಟಿಗಳಲ್ಲಿ ತಂತಿ ಕೂತು ಕೂತು ಹಳ್ಳ ಬಿದ್ದಿತ್ತು. ಮೇಲಿನವು ಹೊಸದರ ಹಾಗಿದ್ದವು.

"ಇದು ವೇದಿಕೆ ಮೇಲೆ ನುಡಿಸಿದವರ ಸವೆತ ಅಲ್ಲ," ಅಂದರು ತಾತ. "ಅವರು ಕತ್ತಿನ ಉದ್ದಕ್ಕೂ ಓಡಾಡ್ತಾರೆ. ಇದು ಪಾಠ ಹೇಳಿದವರದ್ದು. ಮೊದಲನೇ ಪಾಠ ಸಾವಿರ ಸಲ ನುಡಿಸಿದಾರೆ. ಯಾರದಮ್ಮ ಇದು?"

"ನಮ್ಮನೆಯವರ ಮೊದಲ ಹೆಂಡತೀದು" ಅಂದೆ. ನಿಮ್ಮಮ್ಮನ ಬಗ್ಗೆ ಹೊರಗಿನವರೊಬ್ಬರ ಎದುರು ನಾನು ಬಾಯಿಬಿಟ್ಟಿದ್ದು ಅದೇ ಮೊದಲು.

ತಾತ ತಲೆಯಾಡಿಸಿದರು. "ಆಯಮ್ಮನಿಗೆ ದೊಡ್ಡ ತಾಳ್ಮೆ. ಆದ್ರೆ ಒಂದು ವಿಷಯ ನನಗೆ ಬಗೆಹರೀತಿಲ್ಲ. ಇಲ್ಲಿ ನೋಡಿ." ನುಡಿಸುವವರ ಬಲ ಮುಂಗೈ ಊರುವ ಜಾಗದಲ್ಲಿ ಬಣ್ಣ ಹೋಗಿತ್ತು, ಅದು ಸರಿಯೇ. ಅದರ ಎದುರಿನ ಅಂಚಿನಲ್ಲೂ, ಯಾರ ಕೈಯೂ ತಾಕಬಾರದ ಕಡೆ, ಅಷ್ಟೇ ಅಗಲ ಬಣ್ಣ ಸವೆದಿತ್ತು. ಕತ್ತಿನ ತುದಿಯಲ್ಲಿ ತಂತಿ ಕೂರಲು ಮೂಳೆಯ ಸಣ್ಣ ಪಟ್ಟಿಯಿದೆ, ಅದರಲ್ಲಿ ಆರು ಕಚ್ಚು. ಅತಿ ಸಣ್ಣ ತಂತಿ ಕೂರುವ ಕಚ್ಚು ದಪ್ಪ ತಂತಿಯದರಷ್ಟೇ ಅಗಲವಾಗಿತ್ತು. "ಯಾರೋ ಇದನ್ನ ಉಲ್ಟಾ ಕಟ್ಟಿ ನುಡಿಸಿದಾರೆ, ಅದೂ ತುಂಬಾ ದಿನ. ಪಾಠ ಹೇಳೋರು ಯಾಕೆ ಹಾಗೆ ಮಾಡ್ತಾರೆ?" ಅಂದರು. ನನಗೇನು ಗೊತ್ತು?

ಅಂಟು ಒಣಗಿತ್ತು. ತಂತಿ ಕಟ್ಟುವ ದಿನ ತಾತ ಕೈಕಟ್ಟಿ ಕೂತುಬಿಟ್ಟರು. "ಪುಸ್ತಕ ಹೊಲಿಯೋ ಕೈಗೆ ಇದೇನು ಮಹಾ? ನೀವೇ ಕಟ್ಟಿ, ನಾನು ಹೇಳ್ತೀನಿ."

ಮೂರು ತಂತಿ ಬರೀ ನೈಲಾನು, ಇನ್ನು ಮೂರಕ್ಕೆ ಬೆಳ್ಳಿ ಬಣ್ಣದ ಎಳೆ ಸುತ್ತಿರುತ್ತದೆ. ಮರದ ಪಟ್ಟಿಯ ತೂತಿನಲ್ಲಿ ತಂತಿ ತೂರಿಸಿ, ಹಿಂದಕ್ಕೆ ತಂದು, ಅದರ ಅಡಿಯಲ್ಲೇ ನುಸುಳಿಸಿ, ಬಾಲವನ್ನು ಹಿಂದಿನ ಅಂಚಿಗೆ ಒತ್ತಿ ಹಿಡಿಯಬೇಕು. ದಪ್ಪ ತಂತಿಗೆ ಒಂದು ಸುತ್ತು ಸಾಕು, ಸಣ್ಣದಕ್ಕೆ ಮೂರು. ಇನ್ನೊಂದು ತುದಿ ಬಿರಡೆಗೆ. ತಾತ ಹೇಳಿದಂತೆ ಐದು ತಂತಿ ಕಟ್ಟಿದೆ. ಕೊನೆಯ ಸಣ್ಣ ತಂತಿಗೆ ಬರುವಾಗ ನನಗೆ ಸ್ವಲ್ಪ ಗರ್ವ ಬಂದಿತ್ತು ಅನ್ನು. ಎರಡೇ ಸುತ್ತು ಹಾಕಿ ಬಿರಡೆ ತಿರುವುತ್ತಾ ಹೋದೆ.

ಟಪ್ಪ್ ಅಂತ ಸದ್ದು. ಅರವತ್ತು ವರ್ಷದ ಮರ ನನ್ನ ಕೈಯಲ್ಲಿ ಒಡೆದೇ ಹೋಯಿತು ಅಂದುಕೊಂಡೆ. ಕಣ್ಣುಮುಚ್ಚಿ ಕೂತೆ. ನಿನಗೆ ಏನಂತ ಬರೆಯುವುದು, ನಿಮ್ಮಪ್ಪನಿಗೆ ಯಾವ ಮುಖ ತೋರಿಸುವುದು! ತಾತ ನಿಧಾನವಾಗಿ ಎರಡೂ ಕನ್ನಡಕ ಸರಿಮಾಡಿಕೊಂಡು, "ಮರಕ್ಕೇನೂ ಆಗಿಲ್ಲ. ನಿಮ್ಮ ಗಂಟು ಜಾರಿದೆ. ಮೂರು ಅಂದ್ರೆ ಮೂರು" ಅಂದರು. ಮೂರು ಸುತ್ತು ಹಾಕಿದೆ. ನಿಂತಿತು.

ಶ್ರುತಿ ಒಂದೇ ದಿನಕ್ಕೆ ಕೂರುವುದಿಲ್ಲ. ಹೊಸ ತಂತಿ ಎಳೆದಷ್ಟೂ ಇಳಿಯುತ್ತದೆ. ಹಳೆಯ ಮರಕ್ಕೂ ಭಾರ ಹೊರುವುದು ಮರೆತುಹೋಗಿರುತ್ತದಂತೆ, ಅದಕ್ಕೇ ದಿನಕ್ಕಿಷ್ಟು ಅಂತ ಬಿಗಿಸಬೇಕು. ವಾರವಾದ ಮೇಲೆ ತಾತ ಅದನ್ನು ಮಡಿಲಿಗೆ ತೆಗೆದುಕೊಂಡು ನುಡಿಸಿದರು. ಚೂಟಿ, ಆ ದಪ್ಪ ತಂತಿಯ ಸ್ವರ ನನ್ನ ಕಾಲ ಕೆಳಗಿನ ಹಲಗೆಯಲ್ಲಿ ಬಂದ ಹಾಗಿತ್ತು. ಸಣ್ಣ ತಂತಿಯದು, ಯಾರೋ ಪಕ್ಕದಲ್ಲೇ ಕೂತು ಮೆಲ್ಲಗೆ ಮಾತಾಡಿದ ಹಾಗೆ. ಕೆಳಗೆ ಚಪ್ಪಲಿ ಹೊಲಿಯುವವನ ಸುತ್ತಿಗೆ ಕೂಡ ನಿಂತುಹೋಗಿತ್ತು.

ಸಣ್ಣ ತಂತಿ ಮಾತ್ರ ಅಗಲ ಕಚ್ಚಿನಲ್ಲಿ ಅಲುಗಾಡಿ ಝರ್ ಅನ್ನುತ್ತಿತ್ತು. "ಮೂಳೆ ಬದಲಾಯಿಸಿ, ಸವೆದ ಕಡೆ ಬಣ್ಣ ಹೊಡೆದುಬಿಡ್ಲಾ? ಹೊಸದರ ಹಾಗೆ ಆಗುತ್ತೆ" ಅಂದರು ತಾತ. "ಮಗಳನ್ನ ಕೇಳದೆ ಬೇಡ" ಅಂದೆ. ತಾತ ನಕ್ಕು, ನನ್ನ ಬೈಂಡಿಂಗ್ ಕಾಗದದ ಚೂರನ್ನು ಮಡಿಸಿ ಆ ಕಚ್ಚಿನೊಳಗೆ ಕೂರಿಸಿದರು. ಝರ್ ನಿಂತಿತು.

ಅವರೇ ನನಗೆ ಮೊದಲ ಪಾಠವನ್ನೂ ಹೇಳಿಕೊಟ್ಟರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತೆ ತೋರುಬೆರಳು. ಇಷ್ಟೇ. ಮೂವತ್ತು ವರ್ಷ ಸೂಜಿ ಹಿಡಿದ ಈ ದಪ್ಪ ಬೆರಳಿಗೆ ಅದೂ ಬೆಟ್ಟ. ಹೋದ ಸೋಮವಾರ ಗಿಟಾರನ್ನು ಮನೆಗೆ ತಂದು, ನಿಮ್ಮಪ್ಪ ಹಿತ್ತಲಲ್ಲಿದ್ದಾರೆ ಅಂದುಕೊಂಡು, ಮುಂದಿನ ಕೋಣೆಯಲ್ಲಿ ಕೂತು ನುಡಿಸುತ್ತಿದ್ದೆ. ತಲೆಯೆತ್ತಿದರೆ ಅವರು ಬಾಗಿಲಲ್ಲಿ. ತೊಳೆಯುತ್ತಿದ್ದ ತಟ್ಟೆ ಕೈಯಲ್ಲೇ ಇತ್ತು, ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹೆಬ್ಬೆರಳು ಒಳಗೆ ಹೋಗ್ತಿದೆ," ಅಂದರು. "ಹೊರಗಿಡು ಅಂತ ಅವಳು ಎಲ್ಲರಿಗೂ ಹೇಳೋಳು."

ಈ ಮನೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಅವರಾಗಿಯೇ ಅವಳ ಮಾತೆತ್ತಿದ್ದು ನನಗೆ ನೆನಪಿಲ್ಲ. ನಾನು ತಾತನಿಗೆ ಬಗೆಹರಿಯದ ಆ ಸವೆತವನ್ನು ತೋರಿಸಿದೆ. ತಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಲ್ಲಿ ಬೆರಳಾಡಿಸಿದರು.

"ಒಬ್ಬಳು ಹೆಂಗಸು ಬರ್ತಿದ್ಳು. ಅಚ್ಚುಕೂಟದ ಯಂತ್ರಕ್ಕೆ ಸಿಕ್ಕಿ ಎಡಗೈದು ಎರಡು ಬೆರಳು ಹೋಗಿತ್ತು. ಆ ಕೈಯಲ್ಲಿ ತಂತಿ ಒತ್ತೋಕಾಗಲ್ಲ ಅಂತ ಎಲ್ಲರೂ ವಾಪಸ್ ಕಳಿಸಿದ್ರು. ಚೂಟಿ ಅಮ್ಮ, 'ಬಲಗೈಲಿ ಒತ್ತು, ಎಡಗೈಲಿ ಮೀಟು' ಅಂದಳು. ಆಕೆ ಹತ್ರ ವಾದ್ಯ ಇರ್ಲಿಲ್ಲ. ಇವಳು ತನ್ನದಕ್ಕೇ ತಂತಿ ಉಲ್ಟಾ ಕಟ್ಟಿದ್ಳು. ಎಂಟು ತಿಂಗಳು ಹಾಗೇ ಇತ್ತು. ತನಗೆ ಬರದೆ ಹೇಳ್ಕೊಡೋದು ಹ್ಯಾಗೆ ಅಂತ, ತಾನೂ ಮೊದಲಿಂದ ಉಲ್ಟಾ ಕಲಿತಳು. ನನಗಾಗ ರಾತ್ರಿ ಪಾಳಿ, ಹಗಲು ಒಳಗೆ ಮಲಗ್ತಿದ್ದೆ. ಅಷ್ಟು ಚೆನ್ನಾಗಿ ನುಡಿಸೋಳು, ಮಗು ಥರ ತಪ್ಪು ತಪ್ಪಾಗಿ ಅದೇ ಪಾಠ ತಿಕ್ಕೋಳು. ನಿದ್ದೆ ಹಾಳಾಯ್ತು ಅಂತ ಒಂದಿನ ರೇಗಿದೆ. 'ಇನ್ನು ಸ್ವಲ್ಪ ದಿನ ರೀ, ಆಕೆಗಿಂತ ಒಂದೇ ಪಾಠ ಮುಂದಿದೀನಿ' ಅಂದಳು."

"ಆಮೇಲೆ?"

"ಆಕೆ ಕಲಿತಳು. ಒಂದು ಪೂರ್ತಿ ಹಾಡು ನುಡಿಸಿ ತೋರಿಸಿ ಹೋದಳು."

ನಿಮ್ಮಪ್ಪ ತಟ್ಟೆ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು. ಆಮೇಲೆ ಹೇಳಿದ ಮಾತಿಗಾಗಿಯೇ ಈ ಕಾಗದ ಬರೆಯುತ್ತಿದ್ದೇನೆ. "ಚೂಟಿ ಆಗ ಹೊಟ್ಟೇಲಿ. ಕೊನೆಕೊನೆಗೆ ಗಿಟಾರ್ ಹಿಡಿಯೋಕೆ ಜಾಗಾನೇ ಇರ್ತಿರ್ಲಿಲ್ಲ. ಹೊಟ್ಟೆಗೆ ಅಂಟಿಸಿಕೊಂಡೇ ನುಡಿಸೋಳು. ಒಳಗಿಂದ ಒದೀತಾಳೆ, ತಾಳ ತಪ್ಪಿದ್ರೆ ಜಾಸ್ತಿ ಒದೀತಾಳೆ ಅಂತ ನಗೋಳು."

ಮಗು, ನಿನಗೆ ನೆನಪಿಲ್ಲದಿರಬಹುದು. ಅಷ್ಟು ಹತ್ತಿರದಿಂದ ಆ ಗಿಟಾರನ್ನು ಕೇಳಿದವರು ಈ ಪ್ರಪಂಚದಲ್ಲಿ ಇನ್ನೊಬ್ಬರಿಲ್ಲ. ಇದನ್ನು ತಿಳಿದ ಮೇಲೆ ಯಾರಿಗೋ ಕೊಡಲು ನನಗೆ ಕೈ ಬರಲಿಲ್ಲ. ಪಾರ್ಸೆಲ್ಲಿನಲ್ಲಿ ಕಳಿಸಬೇಡಿ ಅಂತ ತಾತ ಎಚ್ಚರಿಸಿದ್ದಾರೆ. ನೀನೇ ಬಾ. ನೋಡು, ಮುಟ್ಟು. ಆಮೇಲೂ ಬೇಡ ಅಂದರೆ ನಿನ್ನಿಷ್ಟ.

ನಿಮ್ಮಮ್ಮನನ್ನು ನಾನು ಕಂಡಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅವಳು ಚೆಲುವೆ ಅನ್ನುವುದಷ್ಟೇ ಗೊತ್ತಿತ್ತು. ಎಂಥ ಹೆಂಗಸು ಅಂತ ಈಗ ಗೊತ್ತಾಯಿತು. ಬರುವ ಕೆಲಸವನ್ನು ಇನ್ನೊಬ್ಬರಿಗೋಸ್ಕರ ಬಾರದವಳಂತೆ ಮೊದಲಿನಿಂದ ಕಲಿಯುವುದು ನನ್ನಿಂದ ಆಗುತ್ತಿತ್ತೇ? ನನ್ನ ಅಂಗಡಿಯಲ್ಲಿ ಕೆಲಸ ಕಲಿಯಲು ಬಂದವರನ್ನು ಕೇಳಿದರೆ ಉತ್ತರ ಹೇಳುತ್ತಾರೆ. ಅವಳ ಜೊತೆ ಒಂದು ಸಂಜೆ ಕೂತು ಮಾತಾಡುವಂತಿದ್ದರೆ ಅನ್ನಿಸುತ್ತದೆ.

ನಿನ್ನ ಕಣ್ಣು, ಕೈ, ಮನಸ್ಸು ಮೂರೂ ಗಟ್ಟಿಯಾಗಿರಲಿ. ಹೋದ ಕಡೆಯಲ್ಲೆಲ್ಲ ನಿನ್ನನ್ನು ಮೆಚ್ಚುವ ನಾಲ್ಕು ಜನ ಸಿಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಪ್ಪನ ಆಶೀರ್ವಾದವೂ ಇದರಲ್ಲೇ ಸೇರಿದೆ.

ಇತಿ,
ನಿನ್ನ ಚಿಕ್ಕಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗಾಗ ಒಂಬತ್ತು ವರ್ಷ. ಶಾಲೆಗೆ ಹೊರಟವಳು ನನಗೆ ಬೆನ್ನು ಮಾಡಿ ನಿಂತು, "ಅಮ್ಮಾ, ಹಿಂದಿನ ಗುಂಡಿ ಹಾಕು" ಅಂದೆ. ನಾನು, "ನಾನು ನಿಮ್ಮಮ್ಮ ಅಲ್ಲ ಕಣೇ, ಚಿಕ್ಕಮ್ಮ" ಅಂದೆ. ಸತ್ತವಳ ಜಾಗಕ್ಕೆ ಕೈ ಹಾಕಬಾರದು ಅಂತ ಹಾಗಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಅವಳಿಗೆ ಹೆದರುತ್ತಿದ್ದೆ. ಆ ಹೆಸರು ತೆಗೆದುಕೊಂಡರೆ ಎಲ್ಲರೂ ನನ್ನನ್ನು ಅವಳ ಪಕ್ಕ ನಿಲ್ಲಿಸಿ ಅಳೆಯುತ್ತಾರೆ ಅಂತ. ಮಾರನೆಯ ದಿನದಿಂದ ನೀನು ನನ್ನನ್ನು "ನೀವು" ಅನ್ನತೊಡಗಿದೆ. ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ತಿರುಚಿ, ಒಂದೊಂದೇ ಗುಂಡಿಯನ್ನು ನೀನೇ ಹಾಕಿಕೊಳ್ಳುತ್ತಿದ್ದೆ. ನಾನು ಬಾಗಿಲ ಹತ್ತಿರ ನಿಂತು ದಿನಾ ನೋಡುತ್ತಿದ್ದೆ ಚೂಟಿ. ಒಂದು ದಿನವೂ ಕೈ ಚಾಚಲಿಲ್ಲ.