ಸ್ಥಳ: ಎರಡನೇ ಮಹಡಿ, ಮೂರನೇ ಕಕ್ಕಸು

ಜೂನ್ 2, ಮಧ್ಯಾಹ್ನ 2

ಎರಡನೇ ಮಹಡಿ ಮುಗಿಸಿ ಮನೆಗೆ ಬಂದೆ. ಎಂಟು ಕಕ್ಕಸು, ನಾಲ್ಕು ಬೇಸಿನ್ನು. ಮೂರನೆಯದರ ಫ್ಲಶ್ ಇವತ್ತೂ ಸತ್ತೇ ಇದೆ, ಬಕೆಟ್ಟಲ್ಲೇ ಸುರಿದೆ. ಪೈಪಿನ ಹಿಂದಿನ ಮೂಲೆಯಲ್ಲಿ ಒಂದು ಜೇಡ. ಹಳದಿ ಮೈ, ಕರಿ ಚುಕ್ಕೆ, ಗೂನು ಬೆನ್ನು. ಮೊಟ್ಟೆಯ ಗಂಟನ್ನು ಬಾಯಲ್ಲೇ ಕಚ್ಚಿ ಹಿಡಿದಿದೆ. ಪೊರಕೆ ಎತ್ತಿದೆ... ಇಳಿಸಿದೆ. ಫೋನಿಗೆ ಲೆನ್ಸ್ ಸಿಕ್ಕಿಸಿ ಫೋಟೊ ಹೊಡೆದೆ.

ಫೋನಿನಲ್ಲಿ ಜೇಡದ ಗುಂಪು ಸೇರಿ ಮೂರು ವಾರ. ಮುನ್ನೂರು ಜನ. ಊರಿನ ಜೇಡಗಳ ಪಟ್ಟಿ ಮಾಡುವುದು ಇವರ ಹುಚ್ಚು. ಡಾಕ್ಟರು, ಲಾಯರು, ಮೊಳದುದ್ದ ಕ್ಯಾಮೆರಾದವರು. ಸ್ವಂತ ಹೆಸರು ಯಾರೂ ಹಾಕುವುದಿಲ್ಲ. ಗುಂಪು ನಡೆಸುವ ನಿವೃತ್ತ ಮೇಷ್ಟ್ರು ‘ಎಂಟುಕಾಲಜ್ಜ’. ನಾನು ‘ಹೂದೋಟ’, ಮಗಳು ಇಟ್ಟ ಹೆಸರು. ಇಷ್ಟು ದಿನ ಬಾಗಿಲಲ್ಲಿ ನಿಂತು ಇಣುಕಿದ್ದಾಯಿತು. ಇವತ್ತು ಒಳಗೆ ಕಾಲಿಡಬೇಕು.

ಚಿತ್ರದ ಕೆಳಗೆ ಮೂರು ಸಾಲು ಕಡ್ಡಾಯ. ಎಲ್ಲಿ ಸಿಕ್ಕಿತು, ಯಾವಾಗ, ಏನು ಮಾಡುತ್ತಿತ್ತು. ಮೊದಲನೆಯದಕ್ಕೇ ಬೆರಳು ನಿಂತಿತು.

“ಮನೆ ಹಿಂದಿನ ಹೂದೋಟ ಅಂತ ಹಾಕಮ್ಮಾ,” ಎಂದಳು ಮಗಳು. “ಕಕ್ಕಸು ಅಂದ್ರೆ ಯಾರು ನಿನ್ನ ಮಾತಾಡಿಸ್ತಾರೆ?”

ಹಾಕಿದೆ. ನಮ್ಮ ಮನೆಯ ಹಿಂದೆ ಇರುವುದು ಪಕ್ಕದ ಮನೆಯ ಗೋಡೆ.

ಅದೇ ದಿನ, ಸಂಜೆ 6

‘ಆರು ಕಣ್ಣು’ ಅಂತಲೂ ಬರೆದಿದ್ದೆ. ಗುಂಪೆಲ್ಲ ನಗು. ಅಲ್ಲೊಬ್ಬ ‘ಲೆನ್ಸ್ ಸಾಹೇಬ’. ಕ್ಯಾಮೆರಾ ಎಷ್ಟು ಉದ್ದವೋ ನಾಲಿಗೆಯೂ ಅಷ್ಟೇ. “ಜೇಡಕ್ಕೆ ಎಂಟು ಕಣ್ಣು ಮೇಡಂ. ಮೊದ್ಲು ಮಗ್ಗಿ ಕಲ್ತು ಬನ್ನಿ.”

ಮೈ ಉರಿಯಿತು. ಚಿತ್ರ ಹಿಗ್ಗಿಸಿ ಮತ್ತೆ ಎಣಿಸಿದೆ. ಎರಡು, ಎರಡು, ಎರಡು. ಬರೆದೆ: “ಆರೇ. ನೀವೇ ಎಣಿಸಿ.”

ಆಮೇಲೆ ಅಜ್ಜ: “ಹೂದೋಟದವರು ಹೇಳಿದ್ದೇ ಸರಿ. ಇದು ಉಗುಳುವ ಜೇಡ, ಇದಕ್ಕೆ ಆರೇ ಕಣ್ಣು. ನಮ್ಮ ಪಟ್ಟಿಗೆ ಇದೇ ಮೊದಲು! ಭಲೇ!”

ಅಂಟು ಉಗಿದು ಹುಳ ಹಿಡಿಯುತ್ತದಂತೆ. ಗೋಡೆಗೆ ಉಗಿಯುವವರನ್ನು ಹತ್ತೊಂಬತ್ತು ವರ್ಷ ನೋಡಿದ್ದೇನೆ. ಉಗಿದು ಊಟ ದುಡಿಯುವವಳನ್ನು ಕಂಡದ್ದು ಇವತ್ತೇ.

ಆ ‘ಭಲೇ’ಯನ್ನು ನಾಲ್ಕು ಸಲ ಓದಿದೆ. ಐದು.

ಜೂನ್ 3

ಸಾಹೇಬ ಸುಮ್ಮನೆ ಬಿಡುವ ಪೈಕಿಯಲ್ಲ. “ಹೂದೋಟಕ್ಕೆ ಬಿಳಿ ಟೈಲ್ಸ್ ಹಾಕಿಸಿದೀರಾ ಮೇಡಂ? ಗಿಡದ ಬದಲು ಪೈಪ್ ನೆಟ್ಟಿದೀರಾ? ಫೋಟೊ ಎಲ್ಲಿಂದ ಕದ್ದಿರಿ?”

ಕದ್ದೆನಂತೆ. ಟೈಲ್ಸು ಕಾಣುತ್ತಿದೆ, ನಿಜ. ದಿನವೂ ಉಜ್ಜುವ ಟೈಲ್ಸು ನನ್ನ ಕಣ್ಣಿಗೇ ಬೀಳಲಿಲ್ಲ.

ಅಜ್ಜನೂ ಬರೆದರು. “ತಾಯೀ, ಸ್ಥಳ ಸುಳ್ಳಾದ್ರೆ ಚಿತ್ರ ಎಷ್ಟು ಚೆನ್ನಾಗಿದ್ರೂ ಪಟ್ಟಿಗೆ ಬರಲ್ಲ. ಶನಿವಾರದೊಳಗೆ ನಿಜ ಹೇಳಿ. ಇಲ್ಲಾಂದ್ರೆ ಅಳಿಸ್ತೀನಿ. ಬೇಜಾರು ಮಾಡ್ಕೋಬೇಡಿ.”

ಫೋನ್ ಮಗುಚಿಟ್ಟೆ.

ಜೂನ್ 7, ಶನಿವಾರ, ಮಧ್ಯಾಹ್ನ 1

ನಾಲ್ಕು ದಿನ ಈ ಪುಸ್ತಕವನ್ನೂ ಮುಟ್ಟಲಿಲ್ಲ, ಗುಂಪನ್ನೂ ಮುಟ್ಟಲಿಲ್ಲ. ಜೇಡವನ್ನು ಮಾತ್ರ ದಿನಾ ನೋಡಿದೆ. ಗಂಟು ಇನ್ನೂ ಬಾಯಲ್ಲೇ. ಸೂಪರ್‌ವೈಸರ್ ಕೂಗಿದ: “ಮೂಲೆ ಮೂಲೆ ಬಲೆ ತೆಗಿಯಮ್ಮಾ, ಮೇಲಿನೋರು ಬರ್ತಾರೆ!” ಎಲ್ಲ ಮೂಲೆ ಹೊಡೆದೆ. ಆ ಒಂದು ಬಿಟ್ಟು.

ಬೆಳಿಗ್ಗೆ ಮೂರನೆಯದಕ್ಕೆ ಒಬ್ಬ ಮೇಡಂ ಬಂದಳು. ಬಕೆಟ್ ತುಂಬಿಸಿ ಪಕ್ಕದಲ್ಲೇ ಇಟ್ಟಿದ್ದೆ. ಮುಟ್ಟಲಿಲ್ಲ. ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ತನ್ನದೇ ನಾತಕ್ಕೆ!

ಅಲ್ಲೇ ನಿಂತುಬಿಟ್ಟೆ. ಹೊಲಸು ಮಾಡಿದವಳಿಗಿಲ್ಲದ ನಾಚಿಕೆ ತೊಳೆಯುವವಳಿಗೆ ಯಾಕೆ? ಯಾರು ಹೊರಿಸಿದ್ದು? ಸಫಾಯಿ ಕೆಲಸದವರ ಸಂಘದ ಕೋಣೆಯಲ್ಲಿ ಅಕ್ಷರ ಕಲಿತವಳು ನಾನು. ಕೈಗವಸಿಗಾಗಿ, ಬೂಟಿಗಾಗಿ ಮೆರವಣಿಗೆಯ ಮುಂದೆ ನಿಂತು ಗಂಟಲು ಹರಿದುಕೊಂಡವಳು. ಲಾಠಿಗೆ ಬಗ್ಗದವಳು ಅಂಗೈಯಗಲದ ಫೋನಿಗೆ ಬಗ್ಗಿದೆ. ಥೂ.

ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಬರೆದೆ:

“ಸ್ಥಳ: ಕಚೇರಿ ಕಟ್ಟಡ, ಎರಡನೇ ಮಹಡಿ, ಮೂರನೇ ಕಕ್ಕಸು, ಪೈಪಿನ ಹಿಂದೆ. ಹೂದೋಟ ಸುಳ್ಳು. ಚಿತ್ರ ನನ್ನದು. ಹತ್ತೊಂಬತ್ತು ವರ್ಷದಿಂದ ಆ ಕಕ್ಕಸು ತೊಳೆಯುವವಳು ನಾನೇ. ಜೇಡ ನಿಮ್ಮ ಲೆನ್ಸಿಗೆ ಯಾಕೆ ಸಿಗಲಿಲ್ಲ ಗೊತ್ತೇ? ನೀವು ಅಂಥಲ್ಲಿ ಎರಡು ನಿಮಿಷ ಇರುತ್ತೀರಿ, ಕಣ್ಣು ಮುಚ್ಚಿಕೊಂಡು. ನಾನು ಎಂಟು ಗಂಟೆ ಇರುತ್ತೇನೆ, ಕಣ್ಣು ಬಿಟ್ಟುಕೊಂಡು.”

ಕಳಿಸಿದೆ. ಹೆಸರನ್ನೂ ಬದಲಿಸಿದೆ. ಈಗ ನಾನು ‘ಪೊರಕೆ’.

ಅದೇ ದಿನ, ಸಂಜೆ 5

ಇಬ್ಬರು ಗುಂಪು ಬಿಟ್ಟರು. ಹೋಗಲಿ, ಜಾಗ ಖಾಲಿಯಾಯಿತು.

ಸಾಹೇಬ: “ಇಂಥ ಜಾಗದ ಫೋಟೊ ನೋಡೋ ಗತಿ ಬಂತಾ?”

ಅಜ್ಜ: “ಜೇಡಕ್ಕಿಲ್ಲದ ಮಡಿ ನಿಮಗ್ಯಾಕೆ ಸಾರ್? ಮೊದ್ಲು ಅವರ ಕ್ಷಮೆ ಕೇಳಿ. ಕದ್ದಿದ್ದು ಅಂದಿದ್ರಲ್ಲ?”

ಕೇಳಲಿಲ್ಲ. ಆದರೆ ಮಿಕ್ಕವರು ಕೇಳಿದರು, ಪ್ರಶ್ನೆಗಳನ್ನು. ರಾಶಿ! ಎಷ್ಟಿವೆ? ಯಾವ ಗೋಡೆ? ಫಿನಾಯಿಲ್ ಹಾಕಿದರೆ ಓಡುತ್ತವಾ? ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಓಡುವುದಿಲ್ಲ, ಮೇಲೇರುತ್ತವೆ, ನೆಲ ಒಣಗಿದ ಮೇಲೆ ಇಳಿಯುತ್ತವೆ. ಇದನ್ನು ಯಾವ ಪುಸ್ತಕದಲ್ಲೂ ಓದಿಲ್ಲ ಎಂದರು ಅಜ್ಜ. ಓದಿರಲಾರರು. ಬರೆದವರು ನೆಲ ಒರೆಸಿರಲಾರರು.

ಪಟ್ಟಿಯಲ್ಲಿ ಈಗ ನಲವತ್ತೇಳನೇ ಸಾಲು: ಉಗುಳುವ ಜೇಡ. ಕಂಡವರು: ಪೊರಕೆ. ಸ್ಥಳವನ್ನು ಒಂದಕ್ಷರ ಬಿಡದೆ ಹಾಕಿದ್ದಾರೆ.

ಮಗಳು ಓದಿದಳು. ಆಮೇಲೆ ಆ ಸಾಲಿನ ಫೋಟೊ ತೆಗೆದು ಕಾಲೇಜಿನ ಗೆಳತಿಯರಿಗೆಲ್ಲ ಕಳಿಸಿದಳು. “ನಮ್ಮಮ್ಮ” ಅಂತ ಬರೆದು. ಅಷ್ಟೇ. ಸಾಕು.

ಜೂನ್ 19, ಬೆಳಿಗ್ಗೆ 7

ಮರಿಗಳು ಹೊರಬಂದಿವೆ! ಸಾಸಿವೆಗಿಂತ ಸಣ್ಣವು. ಎಣಿಸಿದೆ, ಇಪ್ಪತ್ತಾರು. ಗುಂಪಿಗೆ ಹಾಕಿದೆ. ಎಲ್ಲರಿಗಿಂತ ಮೊದಲು ಬಂದದ್ದು ಸಾಹೇಬನ ಸಂದೇಶ: “ಇಪ್ಪತ್ತಾರು ಗ್ಯಾರಂಟಿನಾ?”

“ಮಗ್ಗಿ ಕಲ್ತಿದೀನಿ ಸಾರ್.”

ಅಜ್ಜ ಮೂರು ನಗುಮುಖ ಹಾಕಿದರು. ಸ್ವಲ್ಪ ತಡೆದು ಸಾಹೇಬನೂ ಒಂದು.

ಜುಲೈ 4, ಸಂಜೆ 4

ಗುಂಪಿಗೆ ಹೊಸಬಳು. ‘ಗುಲಾಬಿ’ ಅಂತೆ. ಮೊದಲ ಚಿತ್ರ, ಉದ್ದ ಕಾಲಿನ ಜೇಡ. ಸ್ಥಳ: ನಮ್ಮ ಮನೆಯ ಬಾಲ್ಕನಿ.

ಚಿತ್ರದ ಅಂಚು ನೋಡಿದೆ. ನೀಲಿ ಬಕೆಟ್. ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು, 14. ಮನೆಯ ಬಕೆಟ್ಟಿಗೆ ಯಾರು ನಂಬರ್ ಬರೆಯುತ್ತಾರೆ? ನನ್ನ ಕೆಲಸದ ಬಕೆಟ್ 9.

ಸಾಹೇಬ ನೋಡುವ ಮೊದಲೇ ಅವಳೊಬ್ಬಳಿಗೇ ಬರೆದೆ: “ತಂಗೀ, ಬಕೆಟ್ ನಂಬರ್ ಕಾಣ್ತಿದೆ. ಹೆದರ್ಬೇಡ. ಬಾಲ್ಕನಿ ಅಳಿಸು. ಎಲ್ಲಿ ಸಿಕ್ತು ಅಂತ ತಲೆಯೆತ್ತಿ ಬರಿ. ಯಾರಾದ್ರೂ ಕಿಸಕ್ಕಂದ್ರೆ ನಾನಿದೀನಿ.”

ಉತ್ತರ ಬಂತು. “ಅಕ್ಕಾ, ನೀವೂನಾ?”

ಇನ್ನೂ ಏನೋ ಬರೆಯುತ್ತಿದ್ದಾಳೆ. ಚುಕ್ಕೆಗಳು ಓಡುತ್ತಿವೆ, ನಿಲ್ಲುತ್ತಿವೆ, ಮತ್ತೆ ಓಡುತ್ತಿವೆ. ನಿಧಾನಕ್ಕೆ ಬರೆಯಲಿ. ಮೊದಲ ಸಾಲು ಎಷ್ಟು ಭಾರ ಅಂತ ನನಗೆ ಗೊತ್ತು, ಅದನ್ನು ಎತ್ತಿಬಿಟ್ಟರೆ ಆಮೇಲೆ... ಬಂತು — “ಸ್ಥಳ: ಆಸ್ಪತ್ರೆ, ಹೆಂಗಸರ ಕಕ್ಕಸು, ಬಾಗಿಲ ಹಿಂದೆ.”