ನನ್ನ ಕಾಲಡಿಯ ಬ್ರೇಕು

ಅಪ್ಪಾ,

ನೀವು ಹೋದ ಮೇಲೂ ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಿಮ್ಮ ಶಿಲುಬೆ ನೇತಾಡುತ್ತಲೇ ಇದೆ. ಇವತ್ತು ಕಲಿಯಲು ಬಂದ ಬಟ್ಟೆ ಅಂಗಡಿಯವರು ಅದನ್ನು ನೋಡಿ ಮುಖ ಸಿಂಡರಿಸಿದರು. ಕರವಸ್ತ್ರದಿಂದ ಸೀಟು ಒರೆಸಿಕೊಂಡೇ ಕೂತರು.

"ನಿಮ್ಮೋರು ಸುಮ್ನೆ ಯಾರಿಗೂ ಒಳ್ಳೇದು ಮಾಡಲ್ಲ ಬಿಡಿ. ಮೊದ್ಲು ನಗ್ತೀರ, ಆಮೇಲೆ ಮತಕ್ಕೆ ಎಳೀತೀರ."

"ಕ್ಲಚ್ ಒತ್ತಿ ಸರ್," ಅಂದೆ, ಹಲ್ಲು ಕಚ್ಚಿಕೊಂಡು.

"ನಿಮ್ಮಪ್ಪನೂ ಅಷ್ಟೇ. ಆ ನಗು ಎಲ್ಲಾ ನಾಟಕ."

ಏರು ರಸ್ತೆಯ ನಡುವೆ ಎಂಜಿನ್ ಆಫ್ ಆಯಿತು. ಕಾರು ಹಿಂದಿದ್ದ ಲಾರಿಯ ಕಡೆ ಜಾರತೊಡಗಿತು. ಅವರು ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದ್ದರು. ಕಲಿಸುವವನಿಗೆಂದೇ ಇರುವ ಎರಡನೇ ಬ್ರೇಕು ನನ್ನ ಕಾಲಡಿಯೇ ಇತ್ತು. ನಾನು ಒತ್ತಲಿಲ್ಲ. ಸ್ವಲ್ಪ ಹೆದರಲಿ ಅನ್ನಿಸಿತು. ಲಾರಿಯ ಹಾರ್ನ್ ಕಿವಿಗೆ ಬಡಿದ ಮೇಲೆಯೇ ಒತ್ತಿದೆ.

ಕಾರು ನಿಂತಿತು. ಅವರು ಬೆವರು ಒರೆಸಿಕೊಂಡು ನನ್ನ ಕಾಲನ್ನೇ ನೋಡಿದರು.

"ನಿಮ್ಮ ಹತ್ರನೂ ಬ್ರೇಕ್ ಇತ್ತಲ್ವಾ? ಯಾಕೆ ತಡ ಮಾಡಿದ್ರಿ?"

ಕಾಲು ಜಾರಿತು ಅನ್ನಬಹುದಿತ್ತು. ಶಿಲುಬೆ ಇನ್ನೂ ಓಲಾಡುತ್ತಿತ್ತು.

"ಕೋಪ ಬಂದಿತ್ತು. ಬೇಕಂತಲೇ ತಡ ಮಾಡಿದೆ. ತಪ್ಪಾಯ್ತು, ಕ್ಷಮಿಸಿ," ಅಂದೆ.

ಅವರು ಮತ್ತೆ ಎಂಜಿನ್ ಶುರು ಮಾಡಿ ಏರು ಹತ್ತಿಸಿದರು. ಇಳಿಯುವಾಗ, ನನ್ನ ಮುಖ ನೋಡದೆ, "ನಾಳೆನೂ ನೀವೇ ಬರ್ತೀರಾ?" ಅಂದರು. ಬೇಕೆಂದು ಕೇಳಿದರೋ ಬೇಡವೆಂದೋ, ತಿಳಿಯಲಿಲ್ಲ. ಬರ್ತೀನಿ ಅಂದೆ.

ಅಪ್ಪಾ, ಇದೇ ಏರಿನಲ್ಲಿ ನಿಮ್ಮನ್ನು ಬಾಯಿಗೆ ಬಂದಂತೆ ಬೈಯುತ್ತಲೇ ನಾನು ಕಾರು ಕಲಿತೆ. ಬ್ರೇಕು ಒತ್ತಲು ನಿಮ್ಮ ಕಾಲು ಒಂದು ಸಲವೂ ತಡ ಮಾಡಲಿಲ್ಲ.