ಒಲೆ ಹಚ್ಚದ ಶನಿವಾರ

6 ಜನವರಿ 2025, ಸೋಮವಾರ

ಎರಡು ಕೇಸಿಗೂ ಮುಂದಿನ ದಿನಾಂಕ. ಒಂದರಲ್ಲಿ ಎದುರು ವಕೀಲರಿಗೆ ಜ್ವರ, ಇನ್ನೊಂದರಲ್ಲಿ ಸಾಕ್ಷಿಗೆ. ಬಾರ್ ರೂಮಿನಲ್ಲಿ ಡಬ್ಬಿ ಬಿಚ್ಚುವಷ್ಟರಲ್ಲಿ ಬೀರೇಶನ ಫೋನು.

"ವಕೀಲಬಾಯಾರ, ಗ್ರಾಮಸಭಾ ಫಿಕ್ಸ್ ಆತ್ರೀ. ಹದಿನೆಂಟಕ್ಕ, ಶನಿವಾರ. ಈ ಸಲಾನೂ ಬಿತ್ತಂದ್ರ ಮುಗೀತು ನೋಡ್ರಿ."

ಬೀರೇಶ ಖಾನಾಪುರ ಡಿಪೋದ ಕಂಡಕ್ಟರ್. ಮನೆ ಮಾತ್ರ ಕಣಕುಂಬಿಯ ಆಚೆ, ಕಾಡೊಳಗಿನ ಗೌಳಿವಾಡಾ, ಎಮ್ಮೆ ಸಾಕುವ ಗೌಳಿಗರ ಹಟ್ಟಿ. ಅವನ ಅವ್ವ ಫಕೀರವ್ವ ಅಲ್ಲಿಯ ಹಿರಿಯಳು. ಮುತ್ತಜ್ಜಂದಿರ ಕಾಲದಿಂದ ಎಮ್ಮೆ ಮೇಯಿಸಿದ ಕಾಡಿನ ಮೇಲೆ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುತ್ತಿದ್ದಾರೆ. ಗ್ರಾಮಸಭೆ ಒಪ್ಪಿದರೇ ಅರ್ಜಿ ಮುಂದಕ್ಕೆ. ಎರಡು ಸಲ ಸಭೆ ಬಿದ್ದಿದೆ — ಕಾನೂನು ಕೇಳುವಷ್ಟು ಹೆಂಗಸರು ಬಂದು ಕೂತಿರಲಿಲ್ಲ. ಕೂರುವುದಾದರೂ ಹೇಗೆ? ಹಾಲು ಕರೆದ ಮೇಲೆ ಅದನ್ನು ಬತ್ತಿಸಿ ಖವಾ ಮಾಡುವ ಒಲೆ. ಕಲಕುವ ಕೈ ನಿಂತರೆ ತಳ ಹತ್ತುತ್ತದೆ. ಬೆಳಗಾವಿಯಲ್ಲಿ ಕೂತು ಆ ಖವಾದ ಕುಂದಾ ತಿನ್ನುವ ನಮಗೆ ಆ ಒಲೆ ಕಾಣುವುದಿಲ್ಲ.

ಮಳೆಗಾಲದೊಳಗೆ ಹಕ್ಕು ಸಿಗದಿದ್ದರೆ ಮೇವಿನ ಕಾಡಿಗೆ ಅರಣ್ಯ ಇಲಾಖೆಯ ಬೇಲಿ. ಆಮೇಲೆ ಎಮ್ಮೆ ಮಾರುವುದೊಂದೇ ದಾರಿ.

ಡಬ್ಬಿ ಹಾಗೇ ಮುಚ್ಚಿದೆ.

8 ಜನವರಿ, ಬುಧವಾರ

ಮುಂಬೈ ಪಕ್ಕದ ಠಾಣೆಯಿಂದ ಶುಲಾಮಿತ್ ಬಾಯಿ ಫೋನ್ ಮಾಡಿದ್ದರು. ಶುಲಾಮಿತ್ ರೋಹೇಕರ. ಯಹೂದಿ ವಕೀಲರ ಒಂದು ಬಳಗವಿದೆ, ಬೇರೆ ಬೇರೆ ದೇಶದವರು. ಆದಿವಾಸಿಗಳ, ಅಲ್ಪಸಂಖ್ಯಾತರ ಕೇಸುಗಳಿಗೆ ಪುಕ್ಕಟೆ ನೆರವು. ಹೋದ ವರ್ಷ ಆನ್‌ಲೈನ್ ತರಬೇತಿಯಲ್ಲಿ ಪರಿಚಯ. ನಮ್ಮ ಅರ್ಜಿಯನ್ನು ಸಾಲು ಸಾಲು ತಿದ್ದಿಕೊಟ್ಟವರು ಅವರೇ. ಕಾಡಿನಲ್ಲಿ ಎಮ್ಮೆಗೆ ನೀರುಣಿಸುವ ಕಲ್ಲಿನ ದೋಣಿ, ದೇವರ ಜಾಗ, ಹಿರಿಯರ ಮಾತು — ಇವೆಲ್ಲ ಪುರಾವೆಯೇ ಅಂತ ಬಳಗದವರು ಸಹಿ ಹಾಕಿ ಅಭಿಪ್ರಾಯ ಕಳಿಸಿದ್ದಾರೆ.

ಈಗ ಸ್ವತಃ ಬರುತ್ತಾರಂತೆ! ಮಾತೆಲ್ಲ ಮರಾಠಿಯಲ್ಲಿ. ಕೊಂಕಣದ ಯಹೂದಿಗಳ ಮನೆಮಾತೇ ಅದು.

ದಿನಾಂಕ ಹೇಳಿದೆ.

"ಶನಿವಾರ ನಮಗೆ ಶಬ್ಬಾತ್, ಅನುಜಾ. ಅವತ್ತು ಕೆಲಸ ಮಾಡುವುದಿಲ್ಲ, ಬರೆಯುವುದಿಲ್ಲ, ಗಾಡಿ ಹತ್ತುವುದಿಲ್ಲ. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಊರು ಮುಟ್ಟಿಸು. ಸಭೆಯಲ್ಲಿ ನಿಮ್ಮ ಬಾಜು ಕೂತಿರುತ್ತೇನೆ. ವಕೀಲಿ ಮಾತು ನಿನ್ನದೇ."

ನನ್ನದೇ! ಅಷ್ಟು ಜನರೆದುರು ನಿಂತು ಮಾತಾಡಿದವಳಲ್ಲ ನಾನು. ಕೋರ್ಟಿನಲ್ಲಿ ಸೀನಿಯರ್ ಹಿಂದೆ ಫೈಲ್ ಹಿಡಿದು ನಿಂತೇ ಅಭ್ಯಾಸ. ಬರಬೇಡಿ ಅಂದುಬಿಡಲಾ ಅಂತ ಒಂದು ಗಳಿಗೆ ಅನಿಸಿತು. "ಬರ್ರಿ" ಅಂದೆ.

14 ಜನವರಿ, ಸಂಕ್ರಮಣ

ಅತ್ತೆಗೆ ಹಬ್ಬಕ್ಕಿಂತ ಅತಿಥಿಯದೇ ಚಿಂತೆ. ಎಳ್ಳು-ಬೆಲ್ಲ ಕೊಡಲು ಬಂದವರೆಲ್ಲರ ಹತ್ತಿರ ವಿಚಾರಣೆ ನಡೆದಿದೆ. ರಾಮತೀರ್ಥ ನಗರದ ಈ ಓಣಿಯಲ್ಲಿ ಯಹೂದಿಯರನ್ನು ಕಂಡವರು ಒಬ್ಬರೂ ಇಲ್ಲ.

"ಅವ್ರು ಮಾಂಸ ತಿಂತಾರೇನ?"

"ತಿಂತಾರ ಅತ್ತಿ. ಆದ್ರ ಹಾಲಿನ ಜೋಡಿ ಕೂಡಿಸೂದಿಲ್ಲ. ಎರಡಕ್ಕೂ ಪಾತ್ರಿ ಬ್ಯಾರೆ ಬ್ಯಾರೆ."

ಅತ್ತೆ ಕೈಯಲ್ಲಿದ್ದ ತಾಟು ಕೆಳಗಿಟ್ಟರು. "ಪಾತ್ರಿ ಬ್ಯಾರೆ ಇಡ್ತಾರಾ? ಹಂಗಂದ್ರ ಮನಿತನಸ್ತರು."

ಅತ್ತೆ ಶಾಂತಮ್ಮನವರ ಪರೀಕ್ಷೆಯಲ್ಲಿ ಶುಲಾಮಿತ್ ಬಾಯಿ ಬರುವ ಮೊದಲೇ ಪಾಸು.

16 ಜನವರಿ, ಗುರುವಾರ

ಬಂದರು. ಗಿಡ್ಡ ಆಳು, ಬೆಳ್ಳಗಾದ ಕೂದಲು, ಕಾಟನ್ ಸೀರೆ, ಕಾಲಲ್ಲಿ ದೊಡ್ಡ ಸ್ಪೋರ್ಟ್ಸ್ ಶೂ. ಸ್ಟೇಷನ್ನಿನಲ್ಲಿ ನಾನು ಗುರುತೇ ಹಿಡಿಯಲಿಲ್ಲ. ಯಾರೋ ಕೊಲ್ಹಾಪುರದ ಟೀಚರು ಅಂದುಕೊಂಡೆ. ಅವರೇ ಬೆನ್ನು ತಟ್ಟಿದರು.

ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಬಾಳೆಕಾಯಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ. ಬಾಯಿ ಒಂದನ್ನೂ ಕೇಳದೆ ಉಂಡರು.

"ಊರೂರು ತಿರುಗುವಾಗ ನೂರು ಸಲ ವಿಚಾರಿಸಿ ಉಣ್ಣಬೇಕು ನಾನು. ನಿಮ್ಮಂಥ ಜೈನರ ಅಡುಗೆಮನೆಯಲ್ಲಿ ಮಾತ್ರ ನಿಶ್ಚಿಂತೆ."

ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ. ಮುಖ ಅರಳಿತು. ಇನ್ನೊಂದು ರೊಟ್ಟಿ ಬಿತ್ತು. ಬೇಡ ಅಂದರೂ ಮತ್ತೊಂದು.

ಊಟವಾದ ಮೇಲೆ ಅತ್ತೆಯೇ ಕೇಳಿಬಿಟ್ಟರು — ನಾನು ಕೇಳಲು ಹಿಂಜರಿದಿದ್ದನ್ನು. ಗೌಳ್ಯಾರು ನಿಮಗೆ ಬಂಧುಗಳಲ್ಲ, ಬಳಗವಲ್ಲ. ಅಷ್ಟು ದೂರದಿಂದ ಯಾಕೆ ಬಂದಿರಿ?

ಬಾಯಿ ಕೈ ಒರೆಸಿಕೊಂಡರು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

"ನಮ್ಮ ಹಿರಿಯರು ಕೊಂಕಣದ ದಂಡೆಗೆ ಬಂದು ಗಾಣ ಹಾಕಿದರು. ಶನಿವಾರ ಗಾಣ ನಿಲ್ಲಿಸುತ್ತಾರೆ ಅಂತ ಊರವರು ನಮ್ಮನ್ನು ಶನಿವಾರ ತೇಲಿ, ಶನಿವಾರದ ಗಾಣಿಗರು, ಅಂತ ಕರೆದರು. ಅಷ್ಟೇ. ಯಾರೂ ಓಡಿಸಲಿಲ್ಲ. ಬೇರೆ ದೇಶಗಳಲ್ಲಿ ನಮ್ಮವರನ್ನು ಓಡಿಸಿದರು, ಕೊಂದರು. ಓಡಿಸಿಕೊಂಡರೆ ಏನಾಗುತ್ತದೆ ಅನ್ನುವುದು ನಮ್ಮ ಬಳಗದ ಅರ್ಧ ಜನರಿಗೆ ಮನೆಯ ಕಥೆ. ಓಡಿಸದೆ ಇರಲಿಕ್ಕೂ ಬರುತ್ತದೆ ಅನ್ನುವುದು ನನ್ನ ಮನೆಯ ಕಥೆ. ಎರಡೂ ಗೊತ್ತಿದ್ದು ಸುಮ್ಮನೆ ಕೂರುವುದು ಹೇಗೆ?"

ಅತ್ತೆ ಎದ್ದು ಹೋಗಿ ಅವರ ಹಾಸಿಗೆಗೆ ತಮ್ಮ ಕೌದಿ ಹಾಸಿದರು. ಆ ಕೌದಿಯನ್ನು ನನಗೂ ಕೊಟ್ಟವರಲ್ಲ!

17 ಜನವರಿ, ಶುಕ್ರವಾರ, ದೇಸೂರ ಸ್ಟೇಷನ್

ಪ್ಯಾಸೆಂಜರ್ ನಿಂತಿದೆ. ಕ್ರಾಸಿಂಗ್ ಅಂತೆ. ನಿಂತೇ ಇದೆ. ಬಾಯಿ ಕಿಟಕಿಯಿಂದ ಸೂರ್ಯನನ್ನು ನೋಡುತ್ತಾರೆ, ನಾನೂ ನೋಡುತ್ತೇನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಾದವಳು ನಾನು, ಪ್ರಯಾಣ ಮುಗಿಸಬೇಕಾದವರು ಅವರು. ಎದುರಿನ ಸೀಟಿನ ಅಜ್ಜ ಕೇಳಿದ: "ಏನವ್ವಾ, ಇಬ್ರೂ ಮ್ಯಾಲೆ ಏನ ನೋಡಾಕತ್ತೀರಿ?" ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಹೊರಟಿತು—

ಅದೇ ದಿನ, ಗೌಳಿವಾಡಾ

ಮುಟ್ಟಿದೆವು, ಅಂತೂ! ಖಾನಾಪುರದಿಂದ ಬೀರೇಶನ ಗೆಳೆಯನ ಜೀಪು, ಕಣಕುಂಬಿ ದಾಟಿದ ಮೇಲೆ ಕಾಲುದಾರಿ. ಬಾಯಿಯ ಶೂ ಯಾಕೆ ಅಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ನನ್ನ ಚಪ್ಪಲಿ ಕಿತ್ತಿತು. ಅವರು ಮುಂದೆ, ನಾನು ಬರಿಗಾಲಲ್ಲಿ ಹಿಂದೆ.

ಫಕೀರವ್ವ ಅಂಗಳದಲ್ಲಿ ನಿಂತಿದ್ದಳು. "ಬರ್ರಿ ಬರ್ರಿ, ಕುಂದರ್ರಿ. ಮದಲ ನೀರ ಕುಡೀರಿ." ನನಗೆ ಬಿಸಿ ರೊಟ್ಟಿ, ಬಟ್ಟಲ ತುಂಬ ಖವಾ. ಬೆಳಕಿರುವಾಗಲೇ ಉಂಡೆ.

ಬಾಯಿ ಚೀಲದಿಂದ ಎರಡು ಗಾಜಿನ ಲೋಟ ತೆಗೆದರು. ತೆಂಗಿನೆಣ್ಣೆ, ಬತ್ತಿ. ಕಟ್ಟೆಯ ಮೇಲೆ ಹಚ್ಚಿಟ್ಟರು. ತಲೆ ಮೇಲೆ ಸೆರಗು, ಕಣ್ಣಿಗೆ ಎರಡೂ ಕೈ ಅಡ್ಡ, ತುಟಿಯಲ್ಲಿ ಮಂತ್ರ. ಒಬ್ಬೊಬ್ಬರಾಗಿ ಹೆಂಗಸರು ಸುತ್ತ ಸೇರಿದರು. ಬಾಯಿ ಕಣ್ಣು ತೆರೆದಾಗ ವಾಡಾದ ಹೆಂಗಸರೆಲ್ಲ ಎದುರಿಗೆ! "ಶಬ್ಬಾತ್ ಶಾಲೋಮ್" ಅಂತ ಬಾಯಿ ಅವರನ್ನು ಹರಸಿದರು.

"ಏನ ಹಬ್ಬ ಇದು?" ಫಕೀರವ್ವ ಕೇಳಿದಳು.

ಬಾಯಿ ಮರಾಠಿಯಲ್ಲಿ ಹೇಳುತ್ತ ಹೋದರು. ಇಲ್ಲಿ ಎಲ್ಲರಿಗೂ ಅದು ತಿಳಿಯುತ್ತದೆ. ಪ್ರತಿ ವಾರ ಬರುವ ಹಬ್ಬ. ನಾಳೆ ಸಂಜೆಯವರೆಗೆ ಕೆಲಸವಿಲ್ಲ. ಒಲೆ ಹಚ್ಚುವುದಿಲ್ಲ. ಮನೆಯ ಯಜಮಾನನಿಗೂ ಆಳಿಗೂ ಎತ್ತಿಗೂ ವಿಶ್ರಾಂತಿ. ದೇವರ ಆಜ್ಞೆ.

"ಹೆಂಗಸರಿಗೂ?"

"ಹೆಂಗಸರಿಗೂ."

ಹಿಂದಿನಿಂದ ಪೂನಮ — ಬೀರೇಶನ ಹೆಂಡತಿ — "ಯವ್ವಾ! ಅಂಥಾ ದೇವ್ರು ನಮಗ್ಯಾಕ ಸಿಗಲಿಲ್ಲ?" ಅಂದಳು. ನಕ್ಕರು ನೋಡು, ಕಟ್ಟಿದ ಎಮ್ಮೆಗಳೆಲ್ಲ ಎದ್ದು ನಿಂತವು.

ಫಕೀರವ್ವ ಮಾತ್ರ ನಗಲಿಲ್ಲ. ದೀಪ ನೋಡುತ್ತ ಕೂತಿದ್ದಳು. ಆಮೇಲೆ ಹೇಳಿದಳು:

"ನಾಳೆ ನಾವೂ ಒಲಿ ಹಚ್ಚೂದಿಲ್ಲ."

"ಖವಾ?" ಬೀರೇಶ ಗಾಬರಿಯಾದ. "ಕುಂದಾದ ಅಂಗಡ್ಯಾಗ ಏನ ಹೇಳ್ಲಿ?"

"ರಜಾ, ಸುಟ್ಟಿ ಐತಿ ಅನ್ನು."

"ಹಾಲು ಕೆಟ್ಟು ಹೋಗ್ತಾವಲ್ಲ ಅವ್ವ!"

"ಹೆಪ್ಪ ಹಾಕೂಣು. ನಾಡದು ಬೆಣ್ಣಿ ಆಗ್ತಾವ. ಹಾಲು ಗಂಡಸರು ಕರೀರಿ — ಎಮ್ಮಿಗೆ ಶನಿವಾರ ತಿಳಿಯೂದಿಲ್ಲ. ಮುಂಜಾನಿ ಊಟಕ್ಕ ರೊಟ್ಟಿ ಈಗs ಬಡೀತೀವಿ. ನಾವು ಎಲ್ಲಾರೂ ಸಭಾಕ್ಕ ಹೋಗಿ ಕುಂದರತೀವಿ."

ನನಗೆ ಆಗ ಹೊಳೆಯಿತು. ಎರಡು ಸಲ ಸಭೆ ಬಿದ್ದಿದ್ದು ಒಲೆಯಿಂದ. ಮನೆಮನೆಗೆ ಹೋಗಿ ಕೈಮುಗಿದು ಕರೆದಿದ್ದೆ. ಒಲೆ ಆರಿಸಿ ಅಂತ ಹೇಳಲು ಧೈರ್ಯ ಬಂದಿರಲಿಲ್ಲ, ಅದು ಅವರ ಅನ್ನ. ಅವರೇ ಆರಿಸಿದರು.

ರೊಟ್ಟಿ ಬಡಿಯುವ ಸದ್ದು ಮನೆಮನೆಯಿಂದ. ಹಬ್ಬದ ಹಿಂದಿನ ದಿನದ ಹಾಗೆ.

18 ಜನವರಿ, ಶನಿವಾರ

ಎಲ್ಲಿಂದ ಶುರು ಮಾಡಲಿ!

ಬೆಳಗ್ಗೆ ಹೊಗೆಯಿಲ್ಲ. ಗಂಡಸರು ಹಾಲು ಕರೆಯುತ್ತಿದ್ದರು, ಹೆಂಗಸರು ಕಟ್ಟೆ ಮೇಲೆ ಕೂತು ತಪ್ಪು ಹುಡುಕುತ್ತಿದ್ದರು. ಬೀರೇಶನಿಗೆ ಎಮ್ಮೆ ಒದೆಯಿತು. "ಟಿಕೀಟ ಹರದಂಗಲ್ಲ ಅದು!" ಅಂದಳು ಪೂನಮ. ತಲೆಗೆ ಎಣ್ಣೆ ಹಾಕಿಕೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೆಂಗಸರು ಒಟ್ಟಿಗೇ ಹೊರಟರು. ಬಾಯಿಯೂ ನಡೆದರು. ವಾಡಾದ ಸಾಲೆಯ ಅಂಗಳದಲ್ಲೇ ಸಭೆ.

ಪಂಚಾಯ್ತಿಯಿಂದ ಬಂದ ಪ್ರಮಿಳಾ ಮೇಡಂ ತಲೆ ಎಣಿಸಲು ಹೋಗಿ ಎಣಿಕೆ ತಪ್ಪಿದರು. ಮತ್ತೆ ಎಣಿಸಿದರು. "ಏನ್ರಿ ಇವತ್ತ, ಹೆಣ್ಮಕ್ಕಳs ಹೆಚ್ಚಾಗ್ಯಾರಲ್ರೀ!"

ಸಭೆ ನೆಟ್ಟಗೆ ಕೂತಿತು. ಈಗ ನನ್ನ ಸರದಿ. ಎದ್ದೆ. ಬಾಯಿಯ ಕಡೆ ನೋಡಿದೆ. ಮಡಿಲಲ್ಲಿ ಕೈ, ಪೆನ್ನಿಲ್ಲ, ಪೇಪರಿಲ್ಲ. ಸುಮ್ಮನೆ ನೋಡುತ್ತಿದ್ದಾರೆ, ನನ್ನ ಮದುವೆಯೇನೋ ಎಂಬಂತೆ. ಶುರು ಮಾಡಿದೆ. ಮೊದಲೆರಡು ಮಾತು ಕೋರ್ಟಿನ ಕನ್ನಡ. ಯಾರಿಗೂ ತಿಳಿಯಲಿಲ್ಲ. ಬಿಟ್ಟೆ. ಮನೆಯಲ್ಲಿ ಅತ್ತೆಯ ಹತ್ತಿರ ಆಡುವ ಹಾಗೆ ಆಡಿದೆ. ಈ ಕಾಡು ಕೊಳ್ಳೂದಕ್ಕ ಕೇಳಾಕತ್ತಿಲ್ಲ ನೀವು, ಇದ್ದಲ್ಲೇ ಇರಾಕ ಕೇಳಾಕತ್ತೀರಿ. ಕಾನೂನು ಅದನ್ನs ಹೇಳತೈತಿ... ಮಾತು ಬಂತು. ಬರುತ್ತಲೇ ಹೋಯಿತು!

ಕೆಳಗಿನ ಊರಿನಿಂದ ನೋಡಲು ಬಂದಿದ್ದ ಒಬ್ಬರು ಎದ್ದರು. "ಆ ಬಾಯಾರು ಯಾರು? ಹೊರಗಿನವ್ರಿಗೆ ಇಲ್ಲೇನ ಕೆಲಸ?"

ಬಾಯಿ ಕೂತಲ್ಲಿಂದಲೇ ಮರಾಠಿಯಲ್ಲಿ ಅಂದರು: "ನಾನು ಅಲಿಬಾಗ ಕಡೆಯವಳು. ನಮ್ಮಜ್ಜ ಗಾಣದವನು. ಇವತ್ತು ಕೆಲಸವಿಲ್ಲ. ಇವರ ಮನೆಗೆ ಹಬ್ಬಕ್ಕೆ ಬಂದಿದ್ದೇನೆ."

"ಕೇಳಿದ್ರ್ಯಾ?" ಫಕೀರವ್ವ ಎದ್ದೇಬಿಟ್ಟಳು. "ನಮ್ಮ ಮನಿಗೆ ಬಂದ ಬೀಗತಿ ಆಕಿ. ಹೊರಗಿನಾಕಿ ಅಲ್ಲ. ಈಗ ನನ್ನ ಮಾತ ಕೇಳ್ರಿ. ನಮ್ಮತ್ತಿ ಹೆರಿಗಿ ಆಗಿದ್ದು ಆ ಕಲ್ಲಿನ ದ್ವಾಣಿ ಬಾಜು. ನಮ್ಮ ಮಾಂವನ್ನ ಮಣ್ಣ ಮಾಡಿದ್ದು ಆ ಮತ್ತಿ ಗಿಡದ ಬುಡಕ. ಎಮ್ಮಿ ಮೇಯಿಸಿದ್ವಿ ಹೌದು, ಕಾಡಿಗೆ ಬೆಂಕಿ ಬಿದ್ದಾಗ ಸೊಪ್ಪು ಹಿಡದು ಬಡದು ಆರಿಸಿದ್ದೂ ನಾವs. ಖರೇ ಅಂದ್ರ ಖರೇ ಅನ್ರಿ, ಸುಳ್ಳಂದ್ರ ಸುಳ್ಳ ಅನ್ರಿ."

ಯಾರೂ ಸುಳ್ಳು ಅನ್ನಲಿಲ್ಲ. ಆ ಪ್ರಶ್ನೆ ಎತ್ತಿದವರೇ ಮೊದಲು "ಖರೇ ಐತಿ" ಅಂದರು. "ಒಪ್ಪಿಗಿ ಇದ್ದವ್ರು ಕೈ ಎತ್ರಿ" ಅಂದರು ಪ್ರಮಿಳಾ ಮೇಡಂ. ಎಲ್ಲ ಕೈ ಮೇಲೆ! ಬಳೆಗಳ ಸದ್ದು. ಠರಾವು ಪಾಸು.

ಬಾಯಿಯ ಕಣ್ಣಲ್ಲಿ ನೀರು. "ಒರೆಸಿಕೊಳ್ಳೂದು ಕೆಲಸ ಅಲ್ಲೇನ್ರೀ?" ಅಂತ ಕೇಳಿದೆ. ನಗುತ್ತ ಬೆನ್ನಿಗೊಂದು ಗುದ್ದಿದರು.

20 ಜನವರಿ, ಸೋಮವಾರ

ಬಾಯಿಯನ್ನು ಟ್ರೇನ್ ಹತ್ತಿಸಿ ಬಂದೆ. ಅತ್ತೆ ಕೊಟ್ಟ ಬುತ್ತಿ ಠಾಣೆಯಲ್ಲ, ದಿಲ್ಲಿ ಮುಟ್ಟಿದರೂ ಮುಗಿಯುವಂಥದಲ್ಲ. ಮೈಕೈ ನೋವು. ಮನೆ ಬಿಕೋ ಅನ್ನುತ್ತಿದೆ.

27 ಫೆಬ್ರವರಿ, ಗುರುವಾರ

ಅರ್ಜಿ ಜಿಲ್ಲಾ ಸಮಿತಿಗೆ ಬಂದಿದೆ. ಒಂದು ಸ್ಪಷ್ಟೀಕರಣ ಕೇಳಿದ್ದರು. ನಾನು ಬರೆದೆ, ಬಾಯಿ ನೋಡಿದರು, ಬಳಗದ ಇನ್ನಿಬ್ಬರೂ ನೋಡಿದರು. ಒಂದು ಅಲ್ಪವಿರಾಮವನ್ನೂ ತಿದ್ದಲಿಲ್ಲ! ಸಲ್ಲಿಸಿ ಬಂದೆ.

ಬೀರೇಶ ಹೇಳಿದ: ವಾಡಾದಲ್ಲಿ ಈಗ ಪ್ರತಿ ಅಮಾವಾಸ್ಯೆ ಆದ ಮೇಲಿನ ಶನಿವಾರ ಖವಾದ ಒಲೆಗೆ ಸುಟ್ಟಿ. ಅವ್ವನ ಹುಕುಂ. ಅವನಿಗೆ ಹಾಲು ಕರೆಯಲು ಬಂದಿದೆ.

8 ಏಪ್ರಿಲ್, ಮಂಗಳವಾರ

ಆಯಿತು. ಆಯಿತು! ಸಮುದಾಯ ಹಕ್ಕು ಮಂಜೂರು. ಮೇವು, ನೀರು, ದೇವರ ಜಾಗ — ಎಲ್ಲ ಗ್ರಾಮಸಭೆಯ ಹೆಸರಿಗೆ. ಬೇಲಿ ಇಲ್ಲ.

ಆಫೀಸಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡಿದೆ. ಬಸ್ಸಿನ ಗದ್ದಲದಲ್ಲಿ ಬೀರೇಶನಿಗೆ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಿದೆ. ಆಮೇಲೆ ಅವನ ಸೀಟಿ — ಒಂದೇ ಸಮ ಊದುತ್ತಿದ್ದಾನೆ. ಹಿಂದೆ ಯಾರೋ, "ಯಾವ ಸ್ಟಾಪರೀ ಇದು?" ಅಂತ ಕೇಳುತ್ತಿದ್ದರು.

ಬಾಯಿಗೆ ಹೇಳಿದಾಗ, "ಇನ್ನೊಮ್ಮೆ ಹೇಳು, ನಿಧಾನಕ್ಕೆ" ಅಂದರು. ಸಂಜೆ ವಿಡಿಯೋ ಕಾಲ್. ಯಾವ್ಯಾವ ದೇಶದವರೋ, ಒಬ್ಬರ ಕಿಟಕಿಯಲ್ಲಿ ಹಿಮ, ಒಬ್ಬರಿಗೆ ಇನ್ನೂ ನಸುಕು. ಎಲ್ಲರೂ ಚಪ್ಪಾಳೆ. ಅತ್ತೆ ನಡುವೆ ಬಂದು ಎಲ್ಲರಿಗೂ ಕೈಮುಗಿದರು. ಊಟಕ್ಕೆ ಬರ್ರಿ ಅಂತ ಕನ್ನಡದಲ್ಲೇ ಕರೆದರು. ಬಂದರೆ? ಅಂದೆ. "ಬರಲಿ, ಪಾತ್ರಿ ಅದಾವಲ್ಲ" ಅಂದರು.

2 ಮೇ, ಶುಕ್ರವಾರ, ಜೀಪಿನಲ್ಲಿ

ಗುಡ್ಡದಾಚೆ ಇನ್ನೊಂದು ವಾಡಾ ಇದೆ. ಅವರೂ ಅರ್ಜಿ ಹಾಕುತ್ತಾರಂತೆ. ನಾನೊಬ್ಬಳೇ ಹೊರಟಿದ್ದೆ. ಖಾನಾಪುರದಲ್ಲಿ ನೋಡಿದರೆ ಫಕೀರವ್ವ ಆಗಲೇ ಮುಂದಿನ ಸೀಟಿನಲ್ಲಿ!

"ನೀ ಕಾಯ್ದೆ ಹೇಳ, ವಕೀಲವ್ವ. ಹೆಣ್ಮಕ್ಕಳ ಜೋಡಿ ನಾ ಮಾತಾಡ್ತೀನಿ."

ಅರ್ಧ ದಾರಿಗೆ ಪಂಕ್ಚರ್. ಡ್ರೈವರ್ ಗಾಲಿ ಬಿಚ್ಚುತ್ತಿದ್ದಾನೆ. ನಾವು ಹೊರಟಿದ್ದ ವಾಡಾದ ಹೆಂಗಸರೇ ಹಾಲಿನ ಕ್ಯಾನ್ ಹೊತ್ತು ಇಳಿದು ಬಂದರು. ಫಕೀರವ್ವ ಅವರನ್ನು ತಡೆದು, ರಸ್ತೆ ಬದಿಯ ಬಂಡೆ ಮೇಲೆ ಕೂತುಬಿಟ್ಟಿದ್ದಾಳೆ. ಅವರೂ ಕ್ಯಾನ್ ಇಳಿಸಿದರು. ಏನೋ ಹೇಳುತ್ತಿದ್ದಾಳೆ, ಕೈ ಗುಡ್ಡದ ಕಡೆ ಹೋಗುತ್ತದೆ, ಎದೆ ಮುಟ್ಟುತ್ತದೆ. ನಗು. ಮತ್ತೆ ನಗು. ಒಬ್ಬಳು ಏನೋ ಕೇಳಿದಳು, ಎಲ್ಲರೂ ನನ್ನ ಕಡೆ ತಿರುಗಿದರು.

"ವಕೀಲವ್ವಾ, ಬರಿಯೂದ ಸಾಕ ಮಾಡು! ಇಲ್ಲೆ ಬಾ, ಇವ್ರು ಕೇಳಾಕತ್ತಾರ—"

ಬಂದೆ ಅಂದೆ. ಸಭೆ ಇಲ್ಲೇ ಶುರುವಾಗಿದೆ, ನಾನಿನ್ನೂ ಜೀಪಿನಲ್ಲೇ ಬರೆಯುತ್ತ ಕೂತಿದ್ದೇನೆ. ಹೊರಟೆ.